ಒಳಗೆ ಯಾರು ಕೂರ್ತಾರೆ?

ಮೈಸೂರಿನ ಚಾಮರಾಜಪುರಂನ ಹಳೆಯ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವವರು ಅಳತೆಪಟ್ಟಿ ಕೈಗೆತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ರಾಣಿ, ಮೊಳದೆತ್ತರ. ಕೆಳಗೆ ಗೇಣುದ್ದದ ದಶಾವತಾರ. ಶೆಟ್ಟಿ ಶೆಟ್ಟಿತಿಯ ಅಂಗಡಿಯಲ್ಲಿ ಒಂದೊಂದು ಬದನೆಕಾಯಿಯೂ ಶೆಟ್ಟಿಯ ತಲೆಯಷ್ಟಿರುತ್ತದೆ. ಎಲ್ಲಕ್ಕಿಂತ ಕೆಳಗೆ ಮಕ್ಕಳು ಮಾಡುವ ಪಾರ್ಕು. ಅಲ್ಲಿ ರಾಗಿ ಮೊಳಕೆಯ ಹುಲ್ಲು ಪ್ಲಾಸ್ಟಿಕ್ ಜಿರಾಫೆಯ ಹೊಟ್ಟೆ ಮುಟ್ಟುತ್ತದೆ, ಬೆಂಕಿಪೊಟ್ಟಣದಷ್ಟು ಬಸ್ಸಿನ ಪಕ್ಕದಲ್ಲೇ ಅದಕ್ಕಿಂತ ದೊಡ್ಡ ನವಿಲು ನಿಂತಿರುತ್ತದೆ. ನೋಡಲು ಬಂದ ಯಾರೂ ತಕರಾರು ಮಾಡುವುದಿಲ್ಲ. ಯಾರು ಯಾವ ಮೆಟ್ಟಿಲಲ್ಲಿ ಕೂರಬೇಕು, ಯಾರ ಪಕ್ಕದಲ್ಲಿ ಯಾರು, ಅವರ ಕಥೆಯೇನು ಎಂಬುದಷ್ಟೇ ಅಲ್ಲಿಯ ಲೆಕ್ಕ. ಸಣ್ಣದು ಮಾಡುವುದರಲ್ಲಿ ಇದೊಂದು ಸಂಪ್ರದಾಯ, ಮತ್ತು ನಮ್ಮ ಊರಿಗೆ ಚೆನ್ನಾಗಿ ಗೊತ್ತಿರುವ ಸಂಪ್ರದಾಯ.

ನನ್ನ ಹವ್ಯಾಸ ಇದಕ್ಕೆ ಪೂರ್ತಿ ಉಲ್ಟಾ. ಹಳೆಯ ಕಾರುಗಳನ್ನು, ಅದರಲ್ಲೂ ಯಾರೋ ಒಬ್ಬರು ತಮಗೆ ಬೇಕಾದಂತೆ ಕೊಯ್ದು, ಬೆಸೆದು, ಬದಲಿಸಿಕೊಂಡ ಕಾರುಗಳನ್ನು, ಇಪ್ಪತ್ನಾಲ್ಕನೇ ಒಂದು ಪಾಲಿಗೆ ಇಳಿಸಿ ಕಟ್ಟುತ್ತೇನೆ. ಇಲ್ಲಿ ಅಳತೆಯೇ ದೇವರು. ಅಂಬಾಸಡರ್ ಕಾರಿನ ಉದ್ದ ಸುಮಾರು 4.3 ಮೀಟರ್. ಮಾದರಿಯಲ್ಲಿ ಅದು 18 ಸೆಂಟಿಮೀಟರ್ ಆಗಬೇಕು. ಹದಿನೆಂಟೂವರೆಯಾದರೆ ಗೊತ್ತಿಲ್ಲದವರ ಕಣ್ಣಿಗೂ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. 1:24 ಎಂಬ ಲೆಕ್ಕ ಹುಟ್ಟಿದ್ದು ಒಂದು ಅಡಿಗೆ ಅರ್ಧ ಅಂಗುಲ ಎಂಬ ಇಂಗ್ಲಿಷರ ಅಳತೆಯಿಂದ. ಅಮೆರಿಕದ ಕಿಟ್ ಕಂಪನಿಗಳು 1:25ಕ್ಕೆ ಅಂಟಿಕೊಂಡವು. ಈ ಒಂದಂಶದ ವ್ಯತ್ಯಾಸಕ್ಕಾಗಿ ಜಗಳವಾಡುವ ಜನ ಲೋಕದಲ್ಲಿದ್ದಾರೆ. ಆ ಜಗಳದಲ್ಲಿ ನಾನೂ ಇದ್ದವನೇ.

ಉದ್ದವನ್ನು ಇಳಿಸಿದ ಹಾಗೆ ಬೇರೆಯದನ್ನೆಲ್ಲ ಇಳಿಸಲು ಬರುವುದಿಲ್ಲ ಎನ್ನುವುದು ಈ ಕೆಲಸಕ್ಕೆ ಕೂತವರಿಗೆ ಬೇಗ ತಿಳಿಯುತ್ತದೆ. ಉದ್ದ ಇಪ್ಪತ್ನಾಲ್ಕನೇ ಒಂದು ಪಾಲಾದರೆ ತೂಕ ಅದರ ಘನ, ಅಂದರೆ 13,824ನೇ ಒಂದು ಪಾಲಾಗಬೇಕು. ಸಾವಿರದ ನೂರು ಕಿಲೋ ತೂಗುವ ಕಾರು ಎಂಬತ್ತು ಗ್ರಾಮಿಗೆ ಬಂದು ನಿಲ್ಲುತ್ತದೆ. ಕಾರಿನ ತಗಡು ಒಂದು ಮಿಲಿಮೀಟರಿಗೂ ತೆಳು. ಅದನ್ನು ನಿಜಕ್ಕೂ ಇಳಿಸಿದರೆ 0.04 ಮಿಲಿಮೀಟರ್. ಅಷ್ಟು ತೆಳುವಾದ ಬಾಗಿಲು ಉಸಿರು ಬಿಟ್ಟರೆ ಮಡಚಿಕೊಳ್ಳುತ್ತದೆ. ಬಣ್ಣದ ಕಥೆ ಇದರ ತಿರುಗುಮುರುಗು. ನಿಜವಾದ ಕಾರಿಗೂ ಮಾದರಿಗೂ ನಾವು ಬಳಿಯುವ ಬಣ್ಣದ ದಪ್ಪ ಹೆಚ್ಚುಕಮ್ಮಿ ಒಂದೇ, ಮಿಲಿಮೀಟರಿನ ಹತ್ತನೇ ಒಂದರಷ್ಟು. ಮಾದರಿಯನ್ನು ಮತ್ತೆ ಕಾರಿನಷ್ಟು ಹಿಗ್ಗಿಸಿ ನೋಡಿದರೆ ಆ ಬಣ್ಣ ಎರಡೂವರೆ ಮಿಲಿಮೀಟರ್ ದಪ್ಪದ ಗಾರೆಯಾಗುತ್ತದೆ. ಬಾಗಿಲ ಸಂದು ಮುಚ್ಚಿಹೋಗುವುದು ಇದಕ್ಕೇ. ಹಾಗಾಗಿ ಬಣ್ಣಕ್ಕೆ ಮೊದಲೇ ಸಂದನ್ನು ಬೇಕಿದ್ದದ್ದಕ್ಕಿಂತ ಆಳವಾಗಿ ಕೊರೆದಿಡಬೇಕು. ಅಷ್ಟು ಆಳದ ಸಂದು ನಿಜವಾದ ಕಾರಿನಲ್ಲಿ ಇಲ್ಲ, ಆದರೂ ಕೊರೆಯದಿದ್ದರೆ ಮಾದರಿ ಕಾರಿನಂತೆ ಕಾಣುವುದಿಲ್ಲ.

ಸಾಮಾನು ಎಲ್ಲ ಇಲ್ಲಿಯದೇ. ಆರ್ಕಿಟೆಕ್ಚರ್ ಓದುವ ಮಕ್ಕಳು ಕೊಳ್ಳುವ ಸನ್‌ಬೋರ್ಡ್, ಪ್ಲಂಬರುಗಳ ಎಂ-ಸೀಲ್, ಗ್ಯಾರೇಜಿನವರ ಪುಟ್ಟಿ ಮತ್ತು ವಾಟರ್ ಪೇಪರ್, ಸೈಲೆನ್ಸರ್ ಕೊಳವೆಗೆ ಬಾಲ್‌ಪೆನ್ ರೀಫಿಲ್, ಹೆಡ್‌ಲೈಟಿಗೆ ಸೀರೆಗೆ ಹಚ್ಚುವ ಕಲ್ಲು, ಬಂಪರಿನ ಹೊಳಪಿಗೆ ಚಾಕೊಲೇಟ್ ಸುತ್ತಿದ ತಗಡಿನ ಕಾಗದ. ರೈಲು ನಿಲ್ದಾಣ ಹತ್ತಿರವೇ ಇರುವುದರಿಂದ ನಂಜನಗೂಡು, ಚಾಮರಾಜನಗರದ ಕಡೆ ಗಾಡಿ ಹೊರಟಾಗ ನನ್ನ ಮೇಜು ಸಣ್ಣಗೆ ನಡುಗುತ್ತದೆ. ಫೆವಿಕ್ವಿಕ್ ಹಚ್ಚುವ ಮುಂಚೆ ಗಡಿಯಾರ ನೋಡುವ ಅಭ್ಯಾಸ ನನಗೆ ಬಂದದ್ದು ಹಾಗೆ.

ಈ ಬಗೆಯ ಕಾರುಗಳೇ ಯಾಕೆ ಎಂದು ಕೇಳುವವರಿಗೆ ನಾನು ಕೊಡುತ್ತಿದ್ದ ಉತ್ತರ ಸಿದ್ಧವಾಗಿತ್ತು. ಕಾರ್ಖಾನೆಯಿಂದ ಬಂದ ಕಾರಿಗೆ ನಕ್ಷೆ ಇರುತ್ತದೆ, ಲಕ್ಷಾಂತರ ಅವಳಿಜವಳಿ ಇರುತ್ತವೆ. ಒಬ್ಬರಿಗಾಗಿ ಬದಲಿಸಿದ ಕಾರಿಗೆ ಎರಡೂ ಇಲ್ಲ. ಅದು ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿದ ಅಂಗಿ. ಹಾಕಿಕೊಂಡವನು ಎದುರಿಗಿಲ್ಲದಿದ್ದರೂ ಅವನ ಭುಜ ಎಷ್ಟಗಲ, ಯಾವ ಕೈ ಉದ್ದ ಎಂದು ಅಂಗಿಯೇ ಹೇಳುತ್ತದೆ. ಇದನ್ನು ಹೇಳಿ ಸುಮ್ಮನಾಗುತ್ತಿದ್ದೆ. ಚೆಂದದ ಉತ್ತರ. ಎಷ್ಟು ಸರಿ ಎಂದು ತೂಗಿ ನೋಡಿರಲಿಲ್ಲ.

ಮೈಸೂರಿನವನಾಗಿ ಈ ಉತ್ತರಕ್ಕೆ ಅರಮನೆಯ ಬೆಂಬಲವೂ ಇತ್ತು. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪನಿ ಮಾರುತ್ತಿದ್ದದ್ದು ಎಂಜಿನ್ ಕೂರಿಸಿದ ಚಾಸಿ ಮಾತ್ರ. ಬಾಡಿ ಕಟ್ಟಿಸಿಕೊಳ್ಳುವುದು ಕೊಂಡವರ ಪಾಡು. ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಇಂಗ್ಲೆಂಡಿನ ಕಸುಬುದಾರ ಕಂಪನಿಗಳು, ಅನೇಕವು ಕುದುರೆ ಸಾರೋಟು ಕಟ್ಟಿಯೇ ಹೆಸರು ಮಾಡಿದವು, ಮರದ ಚೌಕಟ್ಟಿನ ಮೇಲೆ ತಗಡು ಬಡಿದು ಒಬ್ಬೊಬ್ಬರಿಗೆ ಒಂದೊಂದು ರೂಪ ಕೊಡುತ್ತಿದ್ದವು. ನಮ್ಮ ಮಹಾರಾಜರು ಕಾರುಗಳನ್ನು ಏಳೇಳರಂತೆ ಒಟ್ಟಿಗೆ ತರಿಸುತ್ತಿದ್ದರೆಂದೂ, ಅದರಿಂದಾಗಿ ಒಂದೇ ಏಟಿಗೆ ಏಳು ಕಾರು ಮಾರಿದರೆ ‘ಮೈಸೂರು ಮಾಡಿದೆ’ ಎನ್ನುವ ಮಾತು ರೋಲ್ಸ್ ರಾಯ್ಸ್ ಮಾರಾಟಗಾರರಲ್ಲಿ ಚಾಲ್ತಿಯಲ್ಲಿತ್ತೆಂದೂ ಹೇಳುತ್ತಾರೆ. ಆ ಕಾಲದ ರಾಜಮನೆತನಗಳ ಕಾರುಗಳಲ್ಲಿ ರಾಣಿವಾಸದವರಿಗಾಗಿ ಪರದೆ, ಬಣ್ಣದ ಗಾಜು, ಸೇವಕರು ನಿಲ್ಲಲು ಹೊರಗೆ ಮೆಟ್ಟಿಲು ಇರುತ್ತಿದ್ದವು. ಕೂರುವವರ ಅಂತಸ್ತಿಗೆ ಅಳತೆ ತೆಗೆದು ಕಟ್ಟಿದ ಬಾಡಿಗಳು ಅವು.

ಇದೇನೋ ಅರಸೊತ್ತಿಗೆಯ ಕಾಲಕ್ಕೆ ಮುಗಿದುಹೋದ ಶೋಕಿ ಎಂದುಕೊಳ್ಳುವ ಮುಂಚೆ ಹೆದ್ದಾರಿಯಲ್ಲಿ ಬರೀ ಚಾಸಿ ಓಡಿಸಿಕೊಂಡು ಹೋಗುವ ಲಾರಿ ಡ್ರೈವರನ್ನು ನೋಡಬೇಕು. ಬಾಗಿಲಿಲ್ಲ, ಮಾಡಿಲ್ಲ, ತಲೆಗೆ ಟವೆಲ್ ಸುತ್ತಿ ಗಾಳಿಗೆ ಮುಖವೊಡ್ಡಿ ಕೂತಿರುತ್ತಾನೆ. ಮಾಲೀಕ ಆ ಚಾಸಿಯನ್ನು ಬಾಡಿ ಕಟ್ಟುವವರ ಶೆಡ್ಡಿಗೆ ಬಿಟ್ಟು, ಹಲಗೆ ಎಷ್ಟೆತ್ತರ, ಕ್ಯಾಬಿನ್ನಿನಲ್ಲಿ ದೇವರ ಫೋಟೋಕ್ಕೆ ಎಲ್ಲಿ ಜಾಗ, ಹಣೆಯ ಮೇಲೆ ಯಾವ ಮಗಳ ಹೆಸರು ಎಂದು ನಿಂತು ಹೇಳಿ ಬರೆಸಿಕೊಳ್ಳುತ್ತಾನೆ. ರೋಲ್ಸ್ ರಾಯ್ಸ್ ಕೊಂಡ ದೊರೆಗಳು ಮಾಡುತ್ತಿದ್ದದ್ದೂ ಇದನ್ನೇ. ಒಂದೇ ವ್ಯತ್ಯಾಸವೆಂದರೆ ಬಾರ್ಕರ್ ಕಂಪನಿ ತನ್ನ ಹೆಸರಿನ ಹಿತ್ತಾಳೆ ಫಲಕವನ್ನು ಬಾಗಿಲ ಬುಡದಲ್ಲಿ ಹೊಡೆಯುತ್ತಿತ್ತು. ನಮ್ಮಲ್ಲಿ ಟಿಂಕರಿಂಗ್ ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ.

ಅಮೆರಿಕದ ಕಥೆ ಬೇರೆ ದಾರಿಯದು, ಈ ಹವ್ಯಾಸದ ತವರೂ ಅದೇ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡು ಮರ್ಕ್ಯುರಿಗಳನ್ನು ಅಗ್ಗಕ್ಕೆ ಕೊಂಡು, ಮಾಡು ಕತ್ತರಿಸಿ ತಗ್ಗಿಸಿ, ಬಾಗಿಲ ಹಿಡಿಕೆ ಕಿತ್ತು, ಸಂದುಗಳನ್ನು ಸೀಸ ಕರಗಿಸಿ ಮುಚ್ಚಿ ನುಣುಪು ಮಾಡುತ್ತಿದ್ದರು. ಜಾರ್ಜ್ ಬ್ಯಾರಿಸ್ ಮತ್ತು ಅವನ ಅಣ್ಣ ಸ್ಯಾಮ್ ಇದರಲ್ಲಿ ಪಳಗಿದ ಕೈ. ಬಾಬ್ ಹಿರೊಹಾಟ ಎಂಬ ಯುವಕನ 1951ರ ಮರ್ಕ್ಯುರಿಯನ್ನು ಅವರು 1952ರಲ್ಲಿ ಬದಲಿಸಿಕೊಟ್ಟದ್ದು ಆ ಲೋಕದ ಅತಿ ಹೆಸರಾಂತ ಕಾರು. ಎಳೆ ಹಸಿರು ಮೇಲೆ, ಕಡು ಹಸಿರು ಕೆಳಗೆ. 1953ರಲ್ಲಿ ಹಿರೊಹಾಟ ಅದನ್ನು ಅರ್ಧ ದೇಶ ದಾಟಿಸಿ ಇಂಡಿಯಾನಾಪೊಲಿಸ್‌ನ ಪ್ರದರ್ಶನಕ್ಕೆ ಓಡಿಸಿಕೊಂಡು ಹೋದ, ಆ ಪ್ರಯಾಣದ ಕಥೆಯನ್ನು ಪತ್ರಿಕೆಯಲ್ಲಿ ಬರೆದ. ಮುಂದೆ ಕಾರಿನ ಬಣ್ಣ ಬದಲಾಯಿತು, ಕೈ ಬದಲಾಯಿತು. 1959ರಲ್ಲಿ ಹದಿಹರೆಯದ ಹುಡುಗನೊಬ್ಬ 500 ಡಾಲರಿಗೆ ಅದನ್ನು ಕೊಂಡು ದಿನನಿತ್ಯ ಓಡಾಡಲು ಬಳಸಿದ. ದಶಕಗಳ ನಂತರ ಅದನ್ನು ಮೊದಲಿನ ರೂಪಕ್ಕೆ ತಂದವನೂ ಅವನೇ. 2022ರ ಜನವರಿಯಲ್ಲಿ ಹರಾಜಿಗೆ ಬಂದಾಗ ಬೆಲೆ ಸುಮಾರು 20 ಲಕ್ಷ ಡಾಲರ್.

ಎಎಂಟಿ ಎಂಬ ಕಂಪನಿ 1958ರಿಂದ ‘ಒಂದರಲ್ಲಿ ಮೂರು’ ಬಗೆಯ ಕಿಟ್‌ಗಳನ್ನು ತಂದಿತು. ಒಂದೇ ಡಬ್ಬದಲ್ಲಿ ಕಾರ್ಖಾನೆಯ ರೂಪ, ಬದಲಿಸಿದ ರೂಪ, ರೇಸಿನ ರೂಪ ಮೂರಕ್ಕೂ ಬೇಕಾದ ತುಂಡುಗಳು. ಲೋಕಕ್ಕೆ ಒಂದೇ ಇರಬೇಕೆಂದು ಒಬ್ಬ ಹುಡುಗ ಮಾಡಿಸಿಕೊಂಡ ಆಕಾರ ಲಕ್ಷಗಟ್ಟಲೆ ಡಬ್ಬಗಳಲ್ಲಿ ಮನೆಮನೆಗೆ ಹೋಯಿತು. ಇದರಲ್ಲಿ ತಮಾಷೆ ಇದೆ ಅನ್ನಿಸಿದರೂ ಆ ಡಬ್ಬಗಳ ಬಗ್ಗೆ ನನಗೆ ಅಸಡ್ಡೆಯಿಲ್ಲ. ನನ್ನ ಮರ್ಕ್ಯುರಿಯೂ ಅಂಥದೊಂದು ಡಬ್ಬದಿಂದಲೇ ಹುಟ್ಟಿದ್ದು, ಅಮೆರಿಕದಲ್ಲಿರುವ ಸೋದರಳಿಯ ಸೂಟ್‌ಕೇಸಿನಲ್ಲಿ ಹುಳಿಪುಡಿ ಕೊಂಡೊಯ್ದು ಬದಲಿಗೆ ತಂದುಕೊಟ್ಟದ್ದು.

ಡಬ್ಬದಲ್ಲಿದ್ದದ್ದು 1949ರ ಸಾದಾ ಮರ್ಕ್ಯುರಿ. ಅದನ್ನು ಹಿರೊಹಾಟನ ಕಾರು ಮಾಡಲು ಬ್ಯಾರಿಸ್ ಅಣ್ಣತಮ್ಮಂದಿರು ಮಾಡಿದ್ದನ್ನೇ ನಾನೂ ಮಾಡಬೇಕಾಯಿತು: ಮಾಡು ಕತ್ತರಿಸಬೇಕು. ಕಂಬಗಳಿಂದ ಒಂದೊಂದು ತುಂಡು ತೆಗೆದು ಮಾಡನ್ನು ಕೆಳಗಿಟ್ಟರೆ ಆಯಿತಲ್ಲ ಎಂದು ಹೊರಗಿನಿಂದ ಅನ್ನಿಸುತ್ತದೆ. ಆದರೆ ಗಾಜಿನ ಎರಡೂ ಪಕ್ಕದ ಕಂಬಗಳು ನೆಟ್ಟಗಿಲ್ಲ, ಒಳಕ್ಕೆ ವಾಲಿವೆ. ಕೆಳಗೆ ಹೋದಷ್ಟೂ ಅವುಗಳ ನಡುವಿನ ಅಂತರ ಹೆಚ್ಚುತ್ತದೆ, ಮಾಡು ಸಾಲದಾಗುತ್ತದೆ. ಒಂದೋ ಮಾಡನ್ನು ತುಂಡು ಮಾಡಿ ನಡುವೆ ಪಟ್ಟಿ ಸೇರಿಸಿ ಹಿಗ್ಗಿಸಬೇಕು, ಇಲ್ಲವೇ ಕಂಬಗಳನ್ನು ಇನ್ನಷ್ಟು ವಾಲಿಸಬೇಕು. ಅದೂ ಹಿಂಭಾಗ ಮುಂಭಾಗಕ್ಕಿಂತ ಹೆಚ್ಚು ತಗ್ಗಬೇಕು, ಆಗಲೇ ಆ ಕಾರಿಗೆ ನಿಂತಲ್ಲೇ ಓಡುತ್ತಿರುವ ಗತ್ತು ಬರುವುದು. ಚಿತ್ರ ನೋಡಿ ಇದು ಗೊತ್ತಾಗುವುದಿಲ್ಲ. ಗರಗಸ ಹಿಡಿದ ಕೈಗೆ ಗೊತ್ತಾಗುತ್ತದೆ. ಬ್ಯಾರಿಸ್ ಶೆಡ್ಡಿನಲ್ಲಿ ಯಾವ ಕೆಲಸ ಮೊದಲು ಆಗಿರಬೇಕು, ಯಾವುದು ಆಮೇಲೆ ಎಂಬುದು ಎಪ್ಪತ್ತು ವರ್ಷ ಕಳೆದು ಮೈಸೂರಿನ ಒಂದು ಮೇಜಿನ ಮೇಲೆ ನನಗೆ ಬಿಚ್ಚಿಕೊಂಡಿತು. ಈ ಹವ್ಯಾಸದ ದೊಡ್ಡ ಸುಖ ಇಲ್ಲಿದೆ ಎಂದು ಈಗಲೂ ನಂಬುತ್ತೇನೆ.

ಆ ಕಾರು ಮುಗಿದ ವರ್ಷ ದಸರೆಗೆ ನಮ್ಮ ಸೋದರತ್ತೆ ಅದನ್ನು ಗೊಂಬೆಯ ಸಾಲಿಗೆ ಕೇಳಿದರು. ಶೆಟ್ಟರ ಅಂಗಡಿ ಮುಂದೆ ನಿಲ್ಲಿಸಿದರು. ಶೆಟ್ಟಿ ಅದರ ಮೇಲೆ ಕೂತರೆ ಕಾರು ಅಪ್ಪಚ್ಚಿ, ಅಷ್ಟು ದೊಡ್ಡವನು. ನನಗೆ ಹೊಟ್ಟೆ ಉರಿದರೂ ಸುಮ್ಮನಿದ್ದೆ. ಅತ್ತೆ ಕನ್ನಡಕ ಏರಿಸಿಕೊಂಡು ಕಿಟಕಿಯೊಳಗೆ ಬಗ್ಗಿ ನೋಡಿದರು.

“ಏನೋ ಇದು, ಒಳಗಡೆ ಯಾರೂ ಇಲ್ವಲ್ಲೋ?”

“ಮಾಡೆಲ್‌ನಲ್ಲಿ ಯಾರನ್ನೂ ಕೂರಿಸಲ್ಲ ಅತ್ತೆ. ಕಾರು ಮಾತ್ರ.”

“ಯಾರೂ ಕೂರ್ದೇ ಇರೋ ಕಾರನ್ನ ಇಷ್ಟು ಕಷ್ಟಪಟ್ಟು ಯಾಕೋ ಮಾಡ್ದೆ? ರಥ ಮಾಡಿ ದೇವ್ರನ್ನ ಬಿಟ್ಟಂಗಾಯ್ತು.”

ನಾನು ಓದಿದ ಯಾವ ಮಾಡೆಲಿಂಗ್ ಪುಸ್ತಕದಲ್ಲೂ ಈ ಪ್ರಶ್ನೆ ಇರಲಿಲ್ಲ. ಪೈಪೋಟಿಗಳಲ್ಲಿ ತೀರ್ಪುಗಾರರು ಸಂದು ನೋಡುತ್ತಾರೆ, ಹೊಳಪು ನೋಡುತ್ತಾರೆ, ಎಂಜಿನ್ನಿನ ವೈರು ಎಣಿಸುತ್ತಾರೆ. ಒಳಗೆ ಯಾರು ಎಂದು ಕೇಳುವುದಿಲ್ಲ. ಗೊಂಬೆ ಕೂರಿಸುವವರು ಮೊದಲು ಕೇಳುವುದೇ ಅದು. ಅಳತೆ ತಿಳಿಯದವರು ಎಂದು ನಾನು ಒಳಗೊಳಗೇ ಎಣಿಸಿದ್ದ ಸಂಪ್ರದಾಯಕ್ಕೆ ಅಳತೆ ಇತ್ತು, ಅದು ಬೇರೆ ಅಳತೆ.

ಎಂ-ಸೀಲಿನಲ್ಲಿ ಒಬ್ಬ ಮನುಷ್ಯನನ್ನು ಮಾಡಿದೆ. ಐದಡಿ ಎಂಟಂಗುಲದವನು ಇಪ್ಪತ್ನಾಲ್ಕನೇ ಪಾಲಿಗೆ ಏಳು ಸೆಂಟಿಮೀಟರಿಗೆ ತುಸು ಹೆಚ್ಚು. ಸೊಂಟ, ಮೊಣಕಾಲು, ಭುಜಕ್ಕೆ ತಂತಿ ಕೊಟ್ಟೆ, ಬೇಕಾದ ಹಾಗೆ ಬಗ್ಗುತ್ತಾನೆ. ಮುಖ ಮೂಗಿಲ್ಲ. ಅವನನ್ನು ಅಂಬಾಸಡರಿನಲ್ಲಿ ಕೂರಿಸಿದರೆ ಪೇಟ ಕಟ್ಟಿಕೊಳ್ಳುವಷ್ಟು ಜಾಗ ಮಿಗುತ್ತದೆ. ಹಿರೊಹಾಟನ ಮರ್ಕ್ಯುರಿಯಲ್ಲಿ ಕೂರಿಸಿದಾಗ ಮಾತ್ರ ನನ್ನ ದರ್ಜಿಯ ಸಿದ್ಧಾಂತ ಅಲುಗಾಡಿತು. ತಲೆ ಮಾಡಿಗೆ ತಾಗುವಷ್ಟಾಯಿತು, ಸೊಂಟ ಮುಂದಕ್ಕೆ ಜಾರಿಸಿ ಬೆನ್ನು ಬಗ್ಗಿಸಬೇಕಾಯಿತು. ಎದುರಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟು. ಈ ಕಾರು ಒಡೆಯನ ಮೈಗೆ ಅಳತೆ ತೆಗೆದು ಮಾಡಿದ್ದಲ್ಲ. ಒಡೆಯನೇ ತನ್ನ ಮೈಯನ್ನು ಕಾರಿನ ಆಕಾರಕ್ಕೆ ಮಡಚಿಕೊಂಡಿದ್ದ, ಅದನ್ನು ಸುಖವೆಂದು ಎಣಿಸಿದ್ದ, ಹಾಗೆ ಮಡಚಿಕೊಂಡೇ ಇಂಡಿಯಾನಾಪೊಲಿಸ್‌ವರೆಗೆ ಹೋಗಿದ್ದ. ಹೊರಗೆ ನಿಂತು ನೋಡುವವರಿಗಾಗಿ ಮಾಡಿದ ಕಾರು ಅದು. ಒಳಗಿದ್ದವನಿಗೆ ತನ್ನ ಕಾರಿನ ಅಂದ ಕಾಣುವುದು ಅಂಗಡಿ ಗಾಜಿನಲ್ಲಿ ಅದರ ನೆರಳು ಹಾದುಹೋದಾಗ ಮಾತ್ರ.

ಅಲ್ಲಿಂದಾಚೆಗೆ ಯಾವ ಹಳೆಯ ಬಂಡಿ ಕಂಡರೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಒಳಗೆ ಕೂರಿಸಿ ನೋಡುವ ಚಟ ಹತ್ತಿತು. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು ತೆರೆದಿರುವ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ಜನ ಬಾನೆಟ್ಟಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ನಾನು ಹಿಂದಿನ ಸೀಟಿನ ಎತ್ತರ ಅಂದಾಜು ಮಾಡುತ್ತ ನಿಂತಿರುತ್ತೇನೆ. ಇಲ್ಲೇ ಕೃಷ್ಣರಾಜಸಾಗರ ರಸ್ತೆಯ ರೈಲ್ವೆ ಮ್ಯೂಸಿಯಂನಲ್ಲಿ, 1979ರಲ್ಲಿ ಶುರುವಾದದ್ದು, ಎರಡು ಬಂಡಿಗಳಿವೆ. ಒಂದು 1899ರ ಮಹಾರಾಣಿ ಸಲೂನ್. ಅಡುಗೆಗೆ, ಊಟಕ್ಕೆ, ವಿಶ್ರಾಂತಿಗೆ ಬೇರೆ ಬೇರೆ ಜಾಗ ಮಾಡಿ ಅರಮನೆಯ ದಿನಚರಿಯನ್ನೇ ಹಳಿಯ ಅಗಲಕ್ಕೆ ಕೂರಿಸಿದ್ದಾರೆ. ಇನ್ನೊಂದು ಆಸ್ಟಿನ್ ಕಾರು. ರಸ್ತೆಯ ಕಾರಿಗೆ ರೈಲಿನ ಗಾಲಿ ಹಾಕಿ ಹಳಿ ಮೇಲೆ ಓಡುವಂತೆ ಮಾಡಿದ್ದು. ಶಾಲೆಯ ಮಕ್ಕಳು ಅದನ್ನು ಕಂಡು ನಗುತ್ತಾರೆ, ಎರಡು ಲೋಕದ ಪ್ರಾಣಿಯೊಂದನ್ನು ಕಂಡ ಹಾಗೆ. ಶೋಕಿಗೆ ಬದಲಿಸಿದ್ದಲ್ಲ, ಹಳಿಯ ಮೇಲೆ ಯಾರೋ ಹೋಗಬೇಕಿತ್ತು, ಅವರಿಗೆ ಒಂದು ಇಡೀ ಎಂಜಿನ್ ಬೇಕಿರಲಿಲ್ಲ. ನನ್ನ ಕಣ್ಣಿಗೆ ಬ್ಯಾರಿಸ್ ಕಾರಿಗಿಂತ ಇದು ಒಂದು ತೂಕ ಹೆಚ್ಚು. ಮೈಸೂರಿನ ಅಪ್ಪಟ ಬದಲಿಸಿದ ಕಾರು ಯಾವುದು ಎಂದು ಯಾರಾದರೂ ಕೇಳಿದರೆ ರೋಲ್ಸ್ ರಾಯ್ಸ್ ಬಿಟ್ಟು ಇದನ್ನೇ ತೋರಿಸುತ್ತೇನೆ.

ಯಾರೂ ಕೂರದ ಕಾರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1930ರಿಂದ 1968ರವರೆಗೆ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗ ಹುಡುಗರಿಗಾಗಿ ಮಾದರಿ ಮಾಡುವ ಸ್ಪರ್ಧೆ ನಡೆಸಿತು. ಮೊದಲಿಗೆ ನೆಪೋಲಿಯನ್ನನ ಸಾರೋಟಿನ ಪಡಿಯಚ್ಚು ಮಾಡಬೇಕಿತ್ತು. ಆಮೇಲೆ ತಾವೇ ಊಹಿಸಿದ, ಎಲ್ಲೂ ಇಲ್ಲದ ಕಾರಿನ ಮಾದರಿ. ಗೆದ್ದವರಿಗೆ ಓದಲು ದುಡ್ಡು. ಹಾಗೆ ಗೆದ್ದ ಚಕ್ ಜೋರ್ಡಾನ್ ಮುಂದೆ ಅದೇ ಸಂಸ್ಥೆಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಆ ಹುಡುಗರ ಕಾರುಗಳಲ್ಲಿ ಮುಂದೆ ಯಾರೋ ಕೂರಲಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1935ರಲ್ಲಿ, ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ನಮ್ಮ ದೇಶದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಬೊಂಬಾಯಿಯಲ್ಲಿ ಅದು ಕೂಡಿಬರಲಿಲ್ಲ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಯೊಂದಿಗೆ ಮೈಸೂರು ಸಂಸ್ಥಾನದಲ್ಲಿ ತರುವ ಯತ್ನಕ್ಕೆ ಬ್ರಿಟಿಷ್ ಸರ್ಕಾರ ಅಡ್ಡ ಬಂತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಲ್‌ಚಂದರ ವಿಮಾನ ಕಾರ್ಖಾನೆ ಬಂತು, 1944ರಲ್ಲಿ ಅವರ ಕಾರು ಕಂಪನಿ ಪ್ರೀಮಿಯರ್ ಬೊಂಬಾಯಿಯ ಪಾಲಾಯಿತು. ಮೈಸೂರಿಗೆ ತನ್ನದೆಂಬ ಯಂತ್ರ ಬಂದದ್ದು 1961ರಲ್ಲಿ, ಯಾದವಗಿರಿಯ ಜಾವಾ, ಅದೂ ಎರಡು ಚಕ್ರದ್ದು. ಮೈಸೂರು ಸಂಸ್ಥಾನದ ಕಾರು ಎಂಬುದೊಂದು ತಯಾರಾಗಿದ್ದರೆ ಅದರ ಮುಖ ಹೇಗಿರುತ್ತಿತ್ತು? ಅದಕ್ಕೊಂದು ಮಾದರಿ ಕಟ್ಟುವ ಆಸೆ ಆಗಾಗ ಬರುತ್ತದೆ. ಗಂಡಭೇರುಂಡವನ್ನು ಬಾನೆಟ್ಟಿನ ಮೇಲೆ ಕೂರಿಸುವಲ್ಲಿಗೆ ಕಲ್ಪನೆ ನಿಂತುಹೋಗುತ್ತದೆ. ಒಳಗೆ ಯಾರನ್ನು ಕೂರಿಸುವುದು ಎಂದು ಹೊಳೆಯುವುದಿಲ್ಲ, ಆದ್ದರಿಂದ ಸೀಟನ್ನು ಎಲ್ಲಿಡಬೇಕೆಂದೂ ಹೊಳೆಯುವುದಿಲ್ಲ.

ಇಂದು ನಮ್ಮ ದೇಶದಲ್ಲಿ ಹಿರೊಹಾಟ ಮಾಡಿದ್ದನ್ನು ಮಾಡಿದರೆ ಆರ್‌ಟಿಓ ಮುಂದೆ ನಿಲ್ಲಬೇಕು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ಕೇರಳದ ಒಂದು ಪ್ರಕರಣದಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ವಿವರಿಸುತ್ತ ಹೇಳಿತು. ರಸ್ತೆಯಲ್ಲಿ ಬೇರೆಯವರೂ ನಡೆಯುತ್ತಾರೆ, ಆ ತೀರ್ಪಿನ ಬಗ್ಗೆ ನನಗೆ ದೂರಿಲ್ಲ. ಮಾಡು ಕತ್ತರಿಸುವ ಆಸೆ ಇರುವವರಿಗೆ ಮೇಜು ಇದೆ, ಅಲ್ಲಿ ಯಾರೂ ಆರ್‌ಸಿ ಬುಕ್ ಕೇಳುವುದಿಲ್ಲ. ಆದರೆ ಅದೇ ಕಾಯ್ದೆ ಒಂದು ಬಗೆಯ ಬದಲಾವಣೆಗೆ ಜಾಗ ಬಿಟ್ಟಿದೆ. ಅಂಗವಿಕಲರ ಬಳಕೆಗೆಂದು ಮಾರ್ಪಡಿಸಿದ ವಾಹನಕ್ಕೆ ಅದರಲ್ಲಿ ಪ್ರತ್ಯೇಕ ಹೆಸರೂ ಸ್ಥಾನವೂ ಇವೆ. ನನಗೆ ಇದು ತಿಳಿದದ್ದು ಕಾನೂನು ಪುಸ್ತಕದಿಂದಲ್ಲ, ನಮ್ಮ ಪಕ್ಕದ ರಸ್ತೆಯ ಒಂದು ಮಾರುತಿ 800ರಿಂದ.

ಅದರ ಒಡೆಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎರಡೂ ಕಾಲಿಗೆ ಬಲವಿಲ್ಲ. ಮಾರುತಿ 800 ಮೂವತ್ತು ವರ್ಷ, 1983ರ ಡಿಸೆಂಬರಿನಿಂದ 2014ರವರೆಗೆ, ಈ ದೇಶದ ಬೀದಿಗಳಲ್ಲಿ ಹುಟ್ಟುತ್ತಲೇ ಇದ್ದ ಕಾರು. ಅದರಲ್ಲಿ ನೋಡಲು ಏನಿದೆ ಎಂದು ಯಾರೂ ತಿರುಗಿ ನೋಡುವುದಿಲ್ಲ. ನಾನೂ ಆ ಬೀದಿಯಲ್ಲಿ ಹಾಗೇ ಓಡಾಡಿದವನು. ಒಂದು ದಿನ ಬಾಗಿಲು ತೆರೆದಿತ್ತು. ಸ್ಟಿಯರಿಂಗ್ ಕೆಳಗೆ ಒಂದು ಉಕ್ಕಿನ ಸರಳು ಕಂಡಿತು. ಮುಂದಕ್ಕೆ ಒತ್ತಿದರೆ ಬ್ರೇಕು, ತಮ್ಮ ಕಡೆಗೆ ಎಳೆದುಕೊಂಡರೆ ಆಕ್ಸಿಲರೇಟರು. ಗೇರಿನ ಹಿಡಿಗೆ ಇನ್ನೊಂದು ಸಣ್ಣ ಹಿಡಿ, ಸೈಕಲ್ಲಿನ ಬ್ರೇಕಿನದು, ಅದರಿಂದ ಕೇಬಲ್ ಹೋಗಿ ಕ್ಲಚ್ಚು ಎಳೆಯುತ್ತದೆ. ಸೀಟಿನ ಬಲಬದಿಗೆ ಊರುಗೋಲು ನಿಲ್ಲಿಸಲು ಒಂದು ಕೊಕ್ಕೆ. ಇದೆಲ್ಲ ಒಬ್ಬ ಗ್ಯಾರೇಜಿನವನ ಕೆಲಸ. ಒಡೆಯರ ತೋಳು ಎಲ್ಲಿಗೆ ಮುಟ್ಟುತ್ತದೆ, ಯಾವ ಕೈಗೆ ಎಷ್ಟು ಬಲ ಎಂದು ಅವರನ್ನು ಸೀಟಿನಲ್ಲಿ ಕೂರಿಸಿಕೊಂಡೇ ಸರಳನ್ನು ಬಗ್ಗಿಸಿ ಬಗ್ಗಿಸಿ ನೋಡಿ ಬೆಸೆದದ್ದಂತೆ. ಲಂಡನ್ನಿನಲ್ಲಿ ಕುಳಿತು ಮೈಸೂರಿನ ದೊರೆಗೆ ಕಾರು ಕಟ್ಟಿದವರಿಗೆ ಈ ಭಾಗ್ಯ ಸಿಕ್ಕಿರಲಾರದು. ಹೊರಗಿನಿಂದ ನೋಡಿದರೆ ಈ ಕಾರಿನಲ್ಲಿ ಏನೇನೂ ಬದಲಾಗಿಲ್ಲ. ಹಿರೊಹಾಟನ ಕಾರಿನ ತಿರುವುಮುರುವು: ಅಲ್ಲಿ ಬದಲಾವಣೆಯೆಲ್ಲ ಹೊರಗಿನವರ ಕಣ್ಣಿಗೆ, ಒಳಗಿನವನು ಹೊಂದಿಕೊಂಡ. ಇಲ್ಲಿ ಒಳಗಿನವರೊಬ್ಬರಿಗೇ ಎಲ್ಲ, ಹೊರಗಿನವರಿಗೆ ಸುಳಿವೂ ಇಲ್ಲ.

ಇದರ ಮಾದರಿಯನ್ನೇ ಈಗ ಕಟ್ಟುತ್ತಿದ್ದೇನೆ. ಹದಿನಾಲ್ಕು ಸೆಂಟಿಮೀಟರಿಗೂ ಚಿಕ್ಕ ಕಾರು, ಬಿಳಿ ಬಣ್ಣ, ನೋಡಲು ಯಾವ ಗತ್ತೂ ಇಲ್ಲ. ಕಷ್ಟವೆಲ್ಲ ಆ ಸರಳಿನಲ್ಲಿದೆ. ನನ್ನ ಎಂ-ಸೀಲ್ ಮನುಷ್ಯ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವನ ತೋಳಿಗೆ ಸರಳು ಸಿಗುವುದಿಲ್ಲ, ಭುಜದ ಅಗಲ ಕಡಿಮೆ. ದಿನವೆಲ್ಲ ಊರುಗೋಲಿನ ಮೇಲೆ ಮೈಭಾರ ಹೊತ್ತ ಭುಜ ಬೇರೆಯೇ ಇರುತ್ತದೆ. ಸಂಕೋಚದಿಂದಲೇ ಅವರನ್ನು ಕೇಳಿದೆ, ಟೇಪು ತರಬಹುದೇ ಎಂದು. ಕಾರಿನ ಅಳತೆಗೆ ಎಂದುಕೊಂಡು ಒಪ್ಪಿದರು, ಅವರ ತೋಳಿನ ಅಳತೆಗೆ ಎಂದಾಗ ಜೋರಾಗಿ ನಕ್ಕರು. ನಾನೊಂದು ಸಮಸ್ಯೆ ಮುಂದಿಟ್ಟೆ. ಬಾಗಿಲು ಮುಚ್ಚಿದ ಮಾದರಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಬಾಗಿಲು ತೆರೆದೇ ಇಟ್ಟರೆ ಪ್ರದರ್ಶನಕ್ಕೆ ಇಟ್ಟ ಹಾಗಾಗುತ್ತದೆ, ನಿಮಗೆ ಸರಿಯೆನಿಸದಿರಬಹುದು.

“ಬಾಗಿಲು ಮುಚ್ಚೇ ಇರ್ಲಿ ಸಾರ್,” ಎಂದರು ಅವರು. “ನಾನಿದ್ರೆ ಒಳಗಿರ್ತೀನಿ, ಇಲ್ದಿದ್ರೆ ಲಾಕ್ ಮಾಡಿರ್ತೀನಿ. ಬಾಗಿಲು ತೆಗೆದಿಟ್ಟು ಎಲ್ಲಿಗ್ ಹೋಗ್ಲಿ? ಆದ್ರೆ ಒಂದು ಕೇಳ್ತೀನಿ. ಆ ಕ್ಲಚ್ ಹಿಡಿ ಇದ್ಯಲ್ಲ, ಮೊದ್ಲು ಸ್ಕೂಟರ್‌ದು ಇತ್ತು, ಎರಡು ವರ್ಷದ ಕೆಳಗೆ ಬೆರಳು ಸೋತ ಮೇಲೆ ಈ ಸೈಕಲ್‌ದು ಹಾಕಿಸ್ಕೊಂಡೆ. ನೀವು ಯಾವುದು ಹಾಕ್ತೀರಾ?”

ಸ್ಕೂಟರಿನದು ಸಿಕ್ಕಿದರೆ ತೋರಿಸಿ ಎಂದೆ. ಶೆಡ್ಡಿನಲ್ಲಿ ಹುಡುಕಿಸುತ್ತೇನೆ, ಬಿಸಾಡಿಲ್ಲ ಎಂದರು. ಎರಡನ್ನೂ ಮಾಡಿಟ್ಟುಕೊಂಡು ಅವರನ್ನೇ ಕೇಳಿ ಒಂದನ್ನು ಅಂಟಿಸುವುದೆಂದು ಸದ್ಯಕ್ಕೆ ಅಂದುಕೊಂಡಿದ್ದೇನೆ. ಬಾಗಿಲು ಮುಚ್ಚಿದ ಮೇಲೆ ಯಾವುದಿದೆ ಎಂದು ಗೊತ್ತಿರುವುದು ನಮ್ಮಿಬ್ಬರಿಗೇ.